ಚಂದ್ರನಿಗೆ ಎರಡು ದಾರಿ: ಕೆಪ್ಲರನ 'ಸೋಮ್ನಿಯಂ', ಗಾಡ್ವಿನ್ನನ 'ದಿ ಮ್ಯಾನ್ ಇನ್ ದಿ ಮೂನ್'

ಹೊಸ ಖಗೋಳಶಾಸ್ತ್ರ ಕಥೆಯೊಳಗೆ ಇಳಿದ ಬಗೆಯನ್ನು ತಿಳಿಯಲು ಜರ್ಮನ್ ಖಗೋಳಶಾಸ್ತ್ರಜ್ಞ ಕೆಪ್ಲರನ ಮತ್ತು ಇಂಗ್ಲಿಷ್ ಬಿಷಪ್ ಗಾಡ್ವಿನ್ನನ ಈ ಎರಡು ಚಂದ್ರಯಾನದ ಕಥೆಗಳನ್ನು ಅಕ್ಕಪಕ್ಕ ಇಟ್ಟು ಓದಿದ್ದೇವೆ. ಎರಡೂ ಚಿಕ್ಕವು, ಎರಡೂ ಬರೆದವರು ತೀರಿಕೊಂಡ ಮೇಲೆ ಅಚ್ಚಾದವು: ಕೆಪ್ಲರನದು 1634ರಲ್ಲಿ, ಗಾಡ್ವಿನ್ನನದು 1638ರಲ್ಲಿ.

ಸಲೀಸಾಗಿ ಓದಿಸಿಕೊಂಡು ಹೋಗುವುದು ಗಾಡ್ವಿನ್. ನಾಯಕ ಗೊನ್ಸಾಲೆಸ್ ಗಾನ್ಸಾ ಎಂಬ ಹಕ್ಕಿಗಳನ್ನು ಪಳಗಿಸಿ ಹಾರುತ್ತಾನೆ. ಮೊದಲು ಎದ್ದ ಹಕ್ಕಿಗೇ ಪೂರ್ತಿ ಭಾರ ಬಿದ್ದರೆ ಅದು ಕೈಚೆಲ್ಲುತ್ತದೆ, ಆಮೇಲೆ ಎರಡನೆಯದೂ ಅಷ್ಟೇ. ಅದಕ್ಕೆ ಒಂದೊಂದಕ್ಕೂ ಬೆಂಡಿನ ಸಣ್ಣ ರಾಟೆ ಕಟ್ಟುತ್ತಾನೆ. ದಾರದ ಒಂದು ತುದಿಗೆ ಸುಮಾರು 8 ಪೌಂಡಿನ ದಿಮ್ಮಿ, ಇನ್ನೊಂದಕ್ಕೆ 2 ಪೌಂಡಿನ ತೂಕ. ತಾನು ಹತ್ತುವ ಮುಂಚೆ ಕುರಿಮರಿಯನ್ನು ಹಾರಿಸಿ ನೋಡುತ್ತಾನೆ. ಪ್ರಯೋಗ ಮಾಡಿ ನೋಡುವ ಹೊಸ ಬುದ್ಧಿ ಇಲ್ಲಿದೆ. ಭೂಮಿಯ ಸೆಳೆತವನ್ನು ಅಯಸ್ಕಾಂತಕ್ಕೆ ಹೋಲಿಸುವಲ್ಲಿ ಅಯಸ್ಕಾಂತದ ಬಗ್ಗೆ ಗಿಲ್ಬರ್ಟ್ ಬರೆದ 1600ರ ಗ್ರಂಥದ ನೆರಳೂ ಇದೆ. ಆದರೆ ಇದನ್ನು ಸೂರ್ಯನೇ ನಡುವೆ, ಭೂಮಿ ಅದರ ಸುತ್ತ ಎಂದ ಕೋಪರ್ನಿಕಸ್‌ನ ಪಕ್ಷದ ಪುಸ್ತಕವೆಂದು ಪೂರ್ತಿ ಎಂದುಕೊಂಡರೆ ತಪ್ಪು: ಭೂಮಿ ದಿನಕ್ಕೊಮ್ಮೆ ತಿರುಗುವುದನ್ನು ಗೊನ್ಸಾಲೆಸ್ ಒಪ್ಪುತ್ತಾನೆ, ಸೂರ್ಯ ನಡುವೆ ನಿಶ್ಚಲ ಎಂಬಲ್ಲಿಗೆ ಬರುವುದಿಲ್ಲ.

ಕೆಪ್ಲರ್ ಕಷ್ಟ. ಪುಟ್ಟ ಕಥೆ, ಅದರ ಬೆನ್ನಿಗೆ 223 ಟಿಪ್ಪಣಿಗಳು. ಟಿಪ್ಪಣಿ ನೋಡುತ್ತಾ ಕಥೆ ಓದಿದರೆ ಎರಡೂ ಕೆಡುತ್ತವೆ. ಕಥೆಯನ್ನು ಒಂದೇ ಪಟ್ಟಿನಲ್ಲಿ ಮುಗಿಸಿ, ಆಮೇಲೆ ಟಿಪ್ಪಣಿಗೆ ಬನ್ನಿ. ಅವನ್ನು ಬಿಟ್ಟರಂತೂ ಪುಸ್ತಕದ ಅರ್ಧಕ್ಕಿಂತ ಹೆಚ್ಚು ಹೋದಂತೆ. ಗುರುತ್ವವೆಂದರೆ ಪರಸ್ಪರ ಸೆಳೆಯುವ ಬಲ ಎಂಬ ಮಾತು ಇರುವುದೂ ಅಲ್ಲೇ.

ಒಂದನ್ನೇ ಓದುವುದಾದರೆ ನಮ್ಮ ಆಯ್ಕೆ ಕೆಪ್ಲರನೇ. ಗಾಡ್ವಿನ್ ಮನುಷ್ಯನನ್ನು ಚಂದ್ರನಿಗೆ ಒಯ್ಯುತ್ತಾನೆ, ಕೆಪ್ಲರ್ ಓದುಗನ ಕಣ್ಣನ್ನೇ ಅಲ್ಲಿ ನೆಡುತ್ತಾನೆ. ಭೂಮಿ ಕಾಣುವ ಬದಿಯವರಿಗೆ ತಮ್ಮ ನೆಲ ಅಲುಗದು, ಇದ್ದಲ್ಲೇ ತಿರುಗುವುದು ಆಕಾಶದಲ್ಲಿ ಮೊಳೆ ಹೊಡೆದಂತೆ ನಿಂತ ನಮ್ಮ ಭೂಮಿ. ನೆಲ ನಿಂತಂತೆ ಕಾಣುವುದು ಸಾಕ್ಷಿಯಾಗದು ಎಂಬ ವಾದವನ್ನು ಇಷ್ಟು ಚೆನ್ನಾಗಿ ಕಥೆ ಮಾಡಿದ ಇನ್ನೊಂದು ಕೃತಿ ನಮಗೆ ಆ ಕಾಲದಲ್ಲಿ ಸಿಕ್ಕಿಲ್ಲ.

ಕೆಪ್ಲರನ ಕಥೆಯಲ್ಲಿ ಹೆಚ್ಚಿನವರು ಎಡವುವುದು ಪ್ರಿವೋಲ್ವಾದಲ್ಲಿ, ಅಂದರೆ ಭೂಮಿ ಎಂದೂ ಕಾಣದ ಚಂದ್ರಾರ್ಧದಲ್ಲಿ. ಅದು ಸದಾ ಕತ್ತಲೆಯ ಬದಿಯಲ್ಲ. ಕತ್ತಲೆ ಕೋಣೆಯಲ್ಲಿ ದೀಪವೊಂದನ್ನು ಇಟ್ಟು, ಚುಕ್ಕೆಯಿಟ್ಟ ನಿಂಬೆಹಣ್ಣನ್ನು ತಲೆಗಿಂತ ತುಸು ಎತ್ತರಕ್ಕೆ ಹಿಡಿದು, ಚುಕ್ಕೆ ನಿಮ್ಮ ಕಡೆಗೇ ಇರುವಂತೆ ನಿಂತಲ್ಲೇ ಒಂದು ಸುತ್ತು ತಿರುಗಿ: ಚುಕ್ಕೆಯ ಬೆನ್ನಿಗೂ ಅರ್ಧ ಸುತ್ತು ಬೆಳಕು, ಅರ್ಧ ಸುತ್ತು ಕತ್ತಲು.