ವಾರ್ಡ್ ಸಮಿತಿಯೋ, ಜೀವವೈವಿಧ್ಯ ನಿರ್ವಹಣಾ ಸಮಿತಿಯೋ?

ಸಂಬಳವಿಲ್ಲದೆ ಊರಿನ ಪರಿಸರಕ್ಕಾಗಿ ಸ್ಥಳೀಯ ಆಡಳಿತಕ್ಕೆ ಸಲಹೆ ಕೊಡಲು ಕರ್ನಾಟಕದಲ್ಲಿ ಕಾನೂನುಬದ್ಧ ದಾರಿಗಳಲ್ಲಿ ಎರಡು ಇವು.

ವಾರ್ಡ್ ಸಮಿತಿ ನಗರದವರಿಗೆ. 3 ಲಕ್ಷ ಅಥವಾ ಹೆಚ್ಚು ಜನಸಂಖ್ಯೆಯ ನಗರಗಳಿಗೆ ಸಂವಿಧಾನದ 243ಎಸ್ ವಿಧಿಯೇ ಇದನ್ನು ಕಡ್ಡಾಯ ಮಾಡಿದೆ. ಅಧ್ಯಕ್ಷತೆ ಕಾರ್ಪೊರೇಟರ್‌ದು. ಕಸ, ಚರಂಡಿ, ಪಾರ್ಕು, ಬೀದಿದೀಪ ಎಲ್ಲವೂ ಇಲ್ಲಿ ಬರುತ್ತವೆ. ಹಾಗಾಗಿಯೇ ಗುಂಡಿ ಬಿದ್ದ ರಸ್ತೆಯ ಗಲಾಟೆಯಲ್ಲಿ ಹಸಿ ಕಸದಿಂದ ಗೊಬ್ಬರ ಮಾಡುವ ಘಟಕದಂಥ ಪರಿಸರದ ಮಾತು ಮುಳುಗಿಹೋಗುತ್ತದೆ. ಬರಿ ಬಾಯಿಮಾತಿನಲ್ಲಿ ಹೇಳಿದರೆ ಸಾಲದು. ಒಂದು ವಾರ ಹಸಿ ಕಸ ತೂಗಿ, ಮನೆಗಳ ಸಂಖ್ಯೆ, ಜಾಗದ ನಕ್ಷೆ, ಅಂದಾಜು ವೆಚ್ಚ, ಘಟಕ ನೋಡಿಕೊಳ್ಳುವವರು ಯಾರು ಎಂಬುದನ್ನು ಒಂದೇ ಪುಟದಲ್ಲಿ ಕೊಡಿ. ಬಜೆಟ್ ತಯಾರಿಗೆ ಮುಂಚೆ ಕೊಡಿ, ಸಭೆಯ ನಡಾವಳಿಯಲ್ಲಿ ದಾಖಲಾಗಿದೆಯೇ ನೋಡಿ. ದಾಖಲಾಗದ ಸಲಹೆಯನ್ನು ಬೆನ್ನುಹತ್ತಲು ಆಧಾರವೇ ಇರುವುದಿಲ್ಲ.

ಜೀವವೈವಿಧ್ಯ ನಿರ್ವಹಣಾ ಸಮಿತಿ 2002ರ ಜೀವವೈವಿಧ್ಯ ಕಾಯ್ದೆಯ 41ನೇ ಸೆಕ್ಷನ್‌ನದು. ಗ್ರಾಮ ಪಂಚಾಯಿತಿಯಿಂದ ಪಾಲಿಕೆಯವರೆಗೆ ಎಲ್ಲ ಕಡೆ ಇರಬೇಕು. ಮುಖ್ಯ ಕೆಲಸ ಜನತಾ ಜೀವವೈವಿಧ್ಯ ದಾಖಲಾತಿ, ಅಂದರೆ ಊರಿನವರ ಜತೆ ಸೇರಿ ಬರೆದಿಡುವ ಪಟ್ಟಿ: ಕೆರೆ, ಗೋಮಾಳ, ನಾಟಿ ತಳಿ, ಔಷಧಿ ಗಿಡ, ಅವುಗಳ ಸ್ಥಳೀಯ ಹೆಸರು ಮತ್ತು ಬಳಕೆ. ಇಲ್ಲಿ ಎಡವುವ ಒಂದು ಜಾಗ: ಹೊರಗಿನವರು ಪಕ್ಕದ ಊರಿನ ಪಟ್ಟಿ ನಕಲು ಮಾಡಿ ಕೈತೊಳೆದುಕೊಳ್ಳುವುದು. ಕುರಿಗಾಹಿ, ಮೀನುಗಾರ, ನಾಟಿವೈದ್ಯರ ಜತೆ ಕೂತು, ಮಳೆಗಾಲ ಮತ್ತು ಬೇಸಿಗೆ ಎರಡರಲ್ಲೂ ಸುತ್ತಿದ ದಾಖಲೆಗಷ್ಟೇ ಬೆಲೆ.

ಹಣ, ಕಾಮಗಾರಿ ಬೇಕಿದ್ದರೆ ವಾರ್ಡ್ ಸಮಿತಿ. ಕೆರೆಯಂಗಳ, ಗೋಮಾಳದ ಬಗ್ಗೆ ದಾಖಲೆ ಕೈಯಲ್ಲಿರಲಿ ಎನ್ನುವವರು, ತಾಳ್ಮೆ ಇದ್ದರೆ, ಎರಡನೆಯದು. ಹಳ್ಳಿಯವರಿಗಂತೂ ಇವೆರಡರ ನಡುವೆ ಆಯ್ಕೆಯೇ ಇಲ್ಲ, ಇರುವುದು ಎರಡನೆಯದೇ. ಮೊದಲು ಸಮಿತಿ ಹೆಸರಿಗಷ್ಟೇ ಇದೆಯೇ ಎಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರನ್ನು ಕೇಳಿ, ಸದಸ್ಯರ ಪಟ್ಟಿ ಪಡೆಯಿರಿ.