ಜೀರ್ಣಕಿಣ್ವ ಪ್ರಯೋಗದ ಪೆಟ್ಟಿಗೆ: ಸಾಮಗ್ರಿ ಚೆನ್ನ, ಕೈಪಿಡಿ ಅರೆಬೆಂದದ್ದು

ಪ್ರಥಮ ಪಿಯು ಜೀವಶಾಸ್ತ್ರದ ಕಿಣ್ವಗಳ (ಜೀವಿಗಳಲ್ಲಿ ರಾಸಾಯನಿಕ ಕ್ರಿಯೆಗಳನ್ನು ಚುರುಕುಗೊಳಿಸುವ ಪ್ರೋಟೀನುಗಳ) ಪಾಠದಲ್ಲಿ ಉಷ್ಣತೆಗೆ ಒಂದು, ಆಮ್ಲೀಯತೆಯ ಅಳತೆಯಾದ (7 ತಟಸ್ಥ, ಅದರ ಕೆಳಗೆ ಆಮ್ಲೀಯ, ಮೇಲೆ ಪ್ರತ್ಯಾಮ್ಲೀಯ) ಪಿಎಚ್‌ಗೆ ಒಂದು ಎಂದು ಎರಡು ನಕ್ಷೆಗಳು ಬರುತ್ತವೆ. ಅವನ್ನು ಕಪ್ಪುಹಲಗೆಯ ಮೇಲೆ ಬರೆದು ಮುಗಿಸುವ ಬದಲು ವಿದ್ಯಾರ್ಥಿಗಳ ಕೈಯಿಂದಲೇ ಮಾಡಿಸಬೇಕೆಂಬ ಉದ್ದೇಶದಿಂದ, ನಮ್ಮ ಕಾಲೇಜಿಗೆ ದಾವಣಗೆರೆಯ ಪ್ರಯೋಗಾಲಯ ಸಾಮಗ್ರಿಯ ಅಂಗಡಿಯೊಂದರ ಮೂಲಕ ಜೀರ್ಣಕಿಣ್ವ ಪ್ರಯೋಗದ ಪೆಟ್ಟಿಗೆಯನ್ನು ತರಿಸಲಾಯಿತು. ಅದರೊಳಗೆ ಪಿಷ್ಟವನ್ನು ಒಡೆಯುವ ಅಮೈಲೇಸ್ ಮತ್ತು ಪ್ರೋಟೀನನ್ನು ಒಡೆಯುವ ಪೆಪ್ಸಿನ್ ಪುಡಿ, ಕರಗುವ ಪಿಷ್ಟ, ಅಯೊಡಿನ್ ದ್ರಾವಣ, ಸಾರರಿಕ್ತ (ನೀರು ಬೆರೆಸಿ ತೆಳುಮಾಡಿದ) ಹೈಡ್ರೊಕ್ಲೋರಿಕ್ ಆಮ್ಲ, ಪಿಎಚ್ ಅನ್ನು 4, 7 ಮತ್ತು 10ರಲ್ಲಿ ಸ್ಥಿರವಾಗಿಡುವ ಬಫರ್‌ಗಳು, ಪಿಎಚ್ ಪಟ್ಟಿಗಳು, ಗುಳಿಗಳಿರುವ ಬಿಳಿ ಪಿಂಗಾಣಿ ಹಲಗೆ, ಉಷ್ಣಮಾಪಕ ಹಾಗೂ ಒಂದು ಕೈಪಿಡಿ ಇವೆ. ಸಾಮಗ್ರಿಯ ಗುಣಮಟ್ಟದ ಬಗ್ಗೆ ದೂರಿಲ್ಲ. ಬಫರ್‌ಗಳನ್ನು ಪಿಎಚ್ ಮೀಟರಿನಲ್ಲಿ ಪರೀಕ್ಷಿಸಿದಾಗ ಸೀಸೆಯ ಮೇಲಿನ ಅಂಕಿಗೆ ಸರಿಯಾಗಿಯೇ ಇದ್ದವು. ತೊಡಕಿರುವುದು ಕೈಪಿಡಿಯಲ್ಲಿ. ಕಿಣ್ವ ಹಾಕದ ಪ್ರನಾಳವನ್ನೂ (ಟೆಸ್ಟ್ ಟ್ಯೂಬ್) ಪಕ್ಕದಲ್ಲಿಟ್ಟು ಹೋಲಿಸುವ ಶಿಸ್ತು ಅದರ ಪೆಪ್ಸಿನ್ ಭಾಗದಲ್ಲಿದೆ, ಅಮೈಲೇಸ್ ಭಾಗದಲ್ಲಿಲ್ಲ.

ಮೊದಲು ಪೆಪ್ಸಿನ್ ಭಾಗವನ್ನು ಮೆಚ್ಚಿಕೊಂಡು ಹೇಳಬೇಕು. ಮೊಟ್ಟೆಯ ಬಿಳಿಯನ್ನು ನೀರಿನಲ್ಲಿ ಕಲಕಿ, ಸೋಸಿ, ಬಿಸಿಮಾಡಿದಾಗ ಸಿಗುವ ಹಾಲಿನಂಥ ಮಬ್ಬು ದ್ರಾವಣವನ್ನು ನಾಲ್ಕು ಪ್ರನಾಳಗಳಿಗೆ ಹಂಚಿ, ಒಂದಕ್ಕೆ ಪೆಪ್ಸಿನ್ ಮತ್ತು ಆಮ್ಲ, ಎರಡನೆಯದಕ್ಕೆ ಪೆಪ್ಸಿನ್ ಮತ್ತು ನೀರು, ಮೂರನೆಯದಕ್ಕೆ ಬರಿಯ ಆಮ್ಲ, ನಾಲ್ಕನೆಯದಕ್ಕೆ ಕುದಿಸಿ ತಣಿಸಿದ ಪೆಪ್ಸಿನ್ ಮತ್ತು ಆಮ್ಲ ಸೇರಿಸಿ, ಎಲ್ಲವನ್ನೂ 37 ಡಿಗ್ರಿ ಸೆಲ್ಸಿಯಸ್‌ನ ನೀರಿನಲ್ಲಿ ಇಡಲು ಕೈಪಿಡಿ ಹೇಳುತ್ತದೆ. ಮೊದಲನೆಯದು ಮಾತ್ರ ತಿಳಿಯಾಗುತ್ತದೆ. ಆಮ್ಲವೊಂದೇ ಮೊಟ್ಟೆಯನ್ನು ಕರಗಿಸಿತು ಎಂಬ ವಾದಕ್ಕೆ ಮೂರನೆಯ ಪ್ರನಾಳ ಉತ್ತರಿಸುತ್ತದೆ. ಪೆಪ್ಸಿನ್‌ಗೆ ಆಮ್ಲದ ಹಂಗಿಲ್ಲ ಎನ್ನುವವರಿಗೆ ಎರಡನೆಯದು ಉತ್ತರಿಸುತ್ತದೆ. ಜಠರದ ಪಿಎಚ್ 2ರ ಆಸುಪಾಸಿನಲ್ಲಿರುವುದೇ ಈ ಕಿಣ್ವಕ್ಕೆ ಹಿತವೆಂಬ ಮಾತು ಆಮೇಲೆ ವಿವರಣೆಯನ್ನೇ ಕೇಳುವುದಿಲ್ಲ. ಅಡುಗೆ ಸೋಡಾ ಬೆರೆಸಿ ಪಿಎಚ್ 8ರ ಹತ್ತಿರಕ್ಕೆ ತಂದ ಪೆಪ್ಸಿನ್, ಮತ್ತೆ ಆಮ್ಲ ಸೇರಿಸಿದರೂ ಹಿಂದಿನ ಚುರುಕಿಗೆ ಮರಳದು ಎಂಬುದನ್ನು ತೋರಿಸುವ ಹೆಚ್ಚುವರಿ ಪ್ರಯೋಗವೂ ಇದೆ. ಆಹಾರವು ಜಠರ ದಾಟಿ ಸಣ್ಣ ಕರುಳಿಗೆ ಬಂದಾಗ ಮೇದೋಜೀರಕ ಗ್ರಂಥಿಯ ಬೈಕಾರ್ಬೊನೇಟ್ ಆಮ್ಲವನ್ನು ತಟಸ್ಥಗೊಳಿಸುವುದನ್ನೂ, ಅಲ್ಲಿ ಪಿಎಚ್ 8ರ ಸುತ್ತ ಚೆನ್ನಾಗಿ ದುಡಿಯುವ ಟ್ರಿಪ್ಸಿನ್ ಪ್ರೋಟೀನಿನ ಕೆಲಸವನ್ನು ವಹಿಸಿಕೊಳ್ಳುವುದನ್ನೂ ವಿವರಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗದು. ಮೊಟ್ಟೆ ಮುಟ್ಟಲೊಲ್ಲದ ವಿದ್ಯಾರ್ಥಿಗಳಿಗೆ ಗಡಿಯಾರ ನೋಡಿ ಬರೆದುಕೊಳ್ಳುವ ಕೆಲಸ ಕೊಟ್ಟರಾಯಿತು.

ಬೇರೆಬೇರೆ ಉಷ್ಣತೆ, ಪಿಎಚ್‌ಗಳಲ್ಲಿ ಪಿಷ್ಟ ಜೀರ್ಣವಾಗುವುದನ್ನು ನೋಡುವ ಅಮೈಲೇಸ್ ಭಾಗಕ್ಕೆ ಬಂದಾಗ ಈ ಎಚ್ಚರ ಸಡಿಲವಾಗುತ್ತದೆ. ಕೈಪಿಡಿಯಲ್ಲಿ ಮುದ್ರಿಸಿರುವ ನಿರೀಕ್ಷಿತ ಫಲಿತಾಂಶ ಮನುಷ್ಯನ ಲಾಲಾರಸದ ಅಮೈಲೇಸ್‌ನದು: 37 ಡಿಗ್ರಿ ಮತ್ತು ಪಿಎಚ್ 6.8ರ ಸುತ್ತ ಅತ್ಯಂತ ಚುರುಕು, 60 ಡಿಗ್ರಿಯಲ್ಲಿ ಬಹುಬೇಗ ನಿಸ್ತೇಜ. ಸೀಸೆಯಲ್ಲಿರುವ ಪುಡಿಯೋ ಯಾವ ಜೀವಿಯಿಂದ ತೆಗೆದದ್ದೆಂದು ಎಲ್ಲಿಯೂ ಬರೆದಿಲ್ಲ. ನಾವು ಮಾಡಿದಾಗ 60 ಡಿಗ್ರಿಯ ಪ್ರನಾಳವೇ 37ರದಕ್ಕಿಂತ ಬೇಗ ಪಿಷ್ಟವನ್ನು ಮುಗಿಸಿತು. ಮಾರುಕಟ್ಟೆಯಲ್ಲಿ ಪುಡಿಯಾಗಿ ಸಿಗುವ ಅಮೈಲೇಸ್‌ಗಳಲ್ಲಿ ಹೆಚ್ಚಿನವು ಆಸ್ಪರ್‌ಜಿಲಸ್ ಬೂಷ್ಟಿನಿಂದ ಅಥವಾ ಬ್ಯಾಸಿಲಸ್ ಬ್ಯಾಕ್ಟೀರಿಯಾದಿಂದ ಬಂದವು. ಬಟ್ಟೆಯ ಗಂಜಿ ತೆಗೆಯುವಂಥ ಬಿಸಿಯ ಕೆಲಸಗಳಿಗೂ ಒದಗುವ ಬ್ಯಾಸಿಲಸ್‌ನ ಕಿಣ್ವಗಳು ನಮ್ಮ ಬಾಯಿಯ ಕಿಣ್ವಕ್ಕಿಂತ ಎಷ್ಟೋ ಹೆಚ್ಚು ಬಿಸಿಯನ್ನು ತಾಳಬಲ್ಲವು. ಹಾಗಾಗಿ ವಿದ್ಯಾರ್ಥಿ ಪ್ರಾಮಾಣಿಕವಾಗಿ ಕಂಡದ್ದನ್ನು ಬರೆದರೆ ಕೈಪಿಡಿಯ ಲೆಕ್ಕದಲ್ಲಿ ತಪ್ಪು, ಕೈಪಿಡಿ ನೋಡಿ ಬರೆದರೆ ಸುಳ್ಳು ಎಂಬ ಇಕ್ಕಟ್ಟು ಎದುರಾಗುತ್ತದೆ. ಇದಕ್ಕೆ ಪರಿಹಾರ ಅಗ್ಗದ್ದೇ. ಬಾಯಿ ಮುಕ್ಕಳಿಸಿ, ಉಗುರುಬೆಚ್ಚಗಿನ ನೀರನ್ನು ಒಂದು ನಿಮಿಷ ಬಾಯಲ್ಲಿಟ್ಟು ಬೀಕರಿಗೆ ಉಗುಳಿ ಸೋಸಿಕೊಂಡರೆ ಲಾಲಾರಸದ ದ್ರಾವಣ ಸಿದ್ಧ. ಪ್ರತಿ ವಿದ್ಯಾರ್ಥಿಯೂ ತನ್ನದನ್ನೇ ಬಳಸಬೇಕು, ಕೊನೆಗೆ ಸೋಂಕುನಿವಾರಕದಲ್ಲಿ ಪ್ರನಾಳ ತೊಳೆಯಬೇಕು. ಒಬ್ಬರ ಲಾಲಾರಸಕ್ಕೂ ಇನ್ನೊಬ್ಬರದಕ್ಕೂ ವೇಗದಲ್ಲಿ ಬರುವ ಅಂತರವೇ ತರಗತಿಯಲ್ಲಿ ಒಳ್ಳೆಯ ಚರ್ಚೆಯಾಗುತ್ತದೆ.

ಇದಕ್ಕಿಂತ ಗಂಭೀರವಾದ ದೋಷ ಅಯೊಡಿನ್ ಪರೀಕ್ಷೆಯದು. ಪಿಷ್ಟವಿದ್ದರೆ ಕಡುನೀಲಿ, ಅದು ಜೀರ್ಣವಾದರೆ ಅಯೊಡಿನ್‌ನ ಕಂದುಹಳದಿ ಎಂಬ ಸೂತ್ರ ತಣ್ಣಗಿನ, ಆಮ್ಲೀಯ ಅಥವಾ ತಟಸ್ಥ ದ್ರಾವಣಕ್ಕೆ ಮಾತ್ರ ನಿಜ. ಪಿಷ್ಟ ಮತ್ತು ಅಯೊಡಿನ್ ಕೂಡಿದ ನೀಲಿ ಬಣ್ಣವು ಬಿಸಿಯಾದಾಗ ಮಸುಕಾಗಿ ಮಾಯವಾಗುತ್ತದೆ, ತಣಿದರೆ ಮರಳುತ್ತದೆ. ಕೈಪಿಡಿಯಾದರೋ ಬಿಸಿನೀರಿನಲ್ಲಿರುವ ಪ್ರನಾಳಕ್ಕೇ ನೇರವಾಗಿ ಅಯೊಡಿನ್ ಹಾಕಿಸುತ್ತದೆ. ಇನ್ನು ಪಿಎಚ್ 10ರ ಬಫರ್‌ನಲ್ಲಿ ಅಯೊಡಿನ್ ಪ್ರತ್ಯಾಮ್ಲದೊಡನೆ ವರ್ತಿಸಿ ತಾನೇ ಬಣ್ಣ ಕಳೆದುಕೊಳ್ಳುತ್ತದೆ. ಕಿಣ್ವದ ಹನಿಯೂ ಬೀಳದ ಪ್ರನಾಳದಲ್ಲಿ ಪಿಷ್ಟವೆಲ್ಲ ಹಾಗೆಯೇ ಇದ್ದರೂ ನೀಲಿ ನಿಲ್ಲುವುದಿಲ್ಲ. ಈ ಎರಡೂ ಕಡೆ ಕಿಣ್ವರಹಿತ ಪ್ರನಾಳವನ್ನು ಪಕ್ಕದಲ್ಲಿಟ್ಟಿದ್ದರೆ ಮೋಸ ತಕ್ಷಣ ಬಯಲಾಗುತ್ತಿತ್ತು. ನಾವು ಈಗ ಪ್ರತಿ ಪ್ರನಾಳದಿಂದ ಒಂದೊಂದು ಹನಿ ತೆಗೆದು ಪಿಂಗಾಣಿ ಹಲಗೆಯ ಗುಳಿಯಲ್ಲಿ ತಣಿಯಬಿಟ್ಟು, ಪ್ರತ್ಯಾಮ್ಲೀಯ ಹನಿಗೆ ಮೊದಲು ಸಾರರಿಕ್ತ ಆಮ್ಲ ಸೇರಿಸಿ, ಬಳಿಕವೇ ಅಯೊಡಿನ್ ಹಾಕಿಸುತ್ತಿದ್ದೇವೆ. ಪಿಎಚ್ ಅಳತೆಯನ್ನು 1909ರಲ್ಲಿ ಡೆನ್ಮಾರ್ಕಿನ ರಸಾಯನಶಾಸ್ತ್ರಜ್ಞ ಸೋರೆನ್ಸೆನ್ ಮುಂದಿಟ್ಟದ್ದೇ ಕಿಣ್ವಗಳ ಅಧ್ಯಯನದ ನಡುವೆ ಎಂಬ ಸಂಗತಿಯನ್ನು ಕೈಪಿಡಿ ಮುನ್ನುಡಿಯಲ್ಲಿ ಸೊಗಸಾಗಿ ಹೇಳಿದೆ. ಅಷ್ಟು ತಿಳಿದವರು ಒಳಪುಟಗಳಲ್ಲಿ ಹೀಗೇಕೆ ಎಡವಿದರೋ ತಿಳಿಯದು.

ಅಮೈಲೇಸ್ ಭಾಗದಲ್ಲೂ ಉಳಿಸಿಕೊಳ್ಳಬೇಕಾದ ಒಂದು ಪ್ರಯೋಗವಿದೆ. ಒಂದು ಪ್ರನಾಳವನ್ನು ಮಂಜುಗಡ್ಡೆಯಲ್ಲಿ, ಇನ್ನೊಂದನ್ನು ಕುದಿಯುವ ನೀರಿನಲ್ಲಿ ಇಟ್ಟು, ಆಮೇಲೆ ಎರಡನ್ನೂ 37 ಡಿಗ್ರಿಗೆ ತರುವುದು. ಲಾಲಾರಸ ಬಳಸಿ ಮಾಡಿದರೆ ಮಂಜಿನಿಂದ ಬಂದದ್ದು ಮತ್ತೆ ಕೆಲಸ ಆರಂಭಿಸುತ್ತದೆ, ಕುದಿದದ್ದು ಸುಮ್ಮನಿರುತ್ತದೆ. ಚಳಿಯಲ್ಲಿ ಅಣುಗಳ ಚಲನೆ ಕುಗ್ಗಿ ಕ್ರಿಯೆ ನಿಧಾನವಾಗುತ್ತದೆಯೇ ಹೊರತು ಕಿಣ್ವದ ಆಕಾರ ಕೆಡುವುದಿಲ್ಲ. ಕುದಿತದಲ್ಲಿ ಪ್ರೋಟೀನಿನ ಮಡಿಕೆಗಳೇ ಬಿಚ್ಚಿಹೋಗುತ್ತವೆ. ‘ಚಳಿಗೂ ಕಿಣ್ವ ಸಾಯುತ್ತದೆ’ ಎಂದು ಉತ್ತರಪತ್ರಿಕೆಗಳಲ್ಲಿ ಕಾಣುವ ವಾಕ್ಯಕ್ಕೆ ಇದೇ ಮದ್ದು.

ನಮ್ಮೂರಿನ ಹವೆಯ ಬಗ್ಗೆ ಎರಡು ಮಾತು. ಕೈಪಿಡಿ ಕೋಣೆಯ ಉಷ್ಣತೆಯೆಂದರೆ 25 ಡಿಗ್ರಿ ಎಂದುಕೊಂಡಿದೆ. ದಾವಣಗೆರೆಯಲ್ಲಿ ಫೆಬ್ರವರಿ ಕೊನೆಯ ಮಧ್ಯಾಹ್ನಗಳಲ್ಲೇ ಕೋಣೆ 30 ದಾಟಿರುತ್ತದೆ, ಬೇಸಿಗೆ ಬಲಿತರೆ 37ಕ್ಕೂ ಕೋಣೆಗೂ ವ್ಯತ್ಯಾಸವೇ ಉಳಿಯದು. ಆದ್ದರಿಂದ ‘ಕೋಣೆ’ ಎಂದು ಬರೆಯದೆ ಉಷ್ಣಮಾಪಕದ ಅಂಕಿಯನ್ನೇ ಬರೆಸಬೇಕು. ಬೋರ್‌ವೆಲ್ ನೀರನ್ನು ದ್ರಾವಣಕ್ಕೆ ಬಳಸಬಾರದು. ಗಡಸು ನೀರಿನ ಬೈಕಾರ್ಬೊನೇಟ್ ಆಮ್ಲದ ಒಂದಂಶವನ್ನು ನುಂಗಿ ಪಿಎಚ್ ಏರಿಸುತ್ತದೆ. ಬಟ್ಟಿ ಇಳಿಸಿದ ನೀರು ಪೆಟ್ಟಿಗೆಯಲ್ಲಿಲ್ಲ, ಬೇರೆ ಕೊಳ್ಳಬೇಕು. ಕರಗುವ ಪಿಷ್ಟ ಮುಗಿದರೆ ಮಂಡಕ್ಕಿ ಪುಡಿಮಾಡಿ ನೀರಿನಲ್ಲಿ ಕುದಿಸಿ, ತಣಿಸಿ ಸೋಸಿದರೆ ನಡೆಯುತ್ತದೆ. ಈ ಊರಿನಲ್ಲಿ ಅದಕ್ಕೆ ಬರವಿಲ್ಲ. ಉಪ್ಪು, ಮಸಾಲೆ ಬೆರೆಸದ ಮಂಡಕ್ಕಿಯಾಗಿರಬೇಕು ಅಷ್ಟೆ.

ಕಿಣ್ವದ ಸೀಸೆಗಳನ್ನು ಬಂದ ಕೂಡಲೇ ಫ್ರಿಜ್‌ನಲ್ಲಿಡಬೇಕು. ಪಾರ್ಸೆಲ್ ಬಿಸಿಲಿನ ಗೋದಾಮಿನಲ್ಲಿ ಕುಳಿತಿದ್ದರೆ ಪುಡಿಯ ಶಕ್ತಿ ಕುಗ್ಗಿರಬಹುದಾದ್ದರಿಂದ ತರಗತಿಗೆ ಮುನ್ನ ಒಮ್ಮೆ ಪರೀಕ್ಷಿಸುವುದು ಲೇಸು. ಪೆಟ್ಟಿಗೆಯ ಬೆಲೆಯಲ್ಲಿ ದೊಡ್ಡ ಪಾಲು ಅಮೈಲೇಸ್ ಸೀಸೆಗೇ ಹೋಗುತ್ತದೆ. ನಮಗೆ ಪ್ರಯೋಜನಕ್ಕೆ ಬಾರದ್ದು ಅದೊಂದೇ. ಅಂಗಡಿಯವರು ಪೆಪ್ಸಿನ್, ಬಫರ್ ಮತ್ತು ಪಿಎಚ್ ಪಟ್ಟಿಗಳನ್ನು ಬಿಡಿಯಾಗಿ ತರಿಸಿಕೊಡಲು ಒಪ್ಪಿರುವುದರಿಂದ ಮುಂದಿನ ವರ್ಷಕ್ಕೆ ಅವನ್ನಷ್ಟೇ ಬರೆದುಕೊಟ್ಟಿದ್ದೇವೆ.