ಫ್ಲಾರೆನ್ಸ್‌ನಲ್ಲಿ ಯಾವುದನ್ನು ಹತ್ತಬೇಕು: ಗುಮ್ಮಟವೋ, ಗಂಟೆ ಗೋಪುರವೋ?

ಇಟಲಿಯ ಫ್ಲಾರೆನ್ಸ್‌ಗೆ ಹೊರಟ ಪರಿಚಯದವರೆಲ್ಲ ನನ್ನನ್ನು ಇದನ್ನೇ ಕೇಳುತ್ತಾರೆ. ಕೆಥೆಡ್ರಲ್‌ನ ಗುಮ್ಮಟ ಹತ್ತೋದಾ, ಪಕ್ಕದಲ್ಲೇ ನಿಂತಿರುವ ಜೊತ್ತೊನ ಗಂಟೆ ಗೋಪುರ ಹತ್ತೋದಾ? ಗುಮ್ಮಟಕ್ಕೆ 463 ಮೆಟ್ಟಿಲು, ಗೋಪುರಕ್ಕೆ 414. ಎರಡರಲ್ಲೂ ಲಿಫ್ಟ್ ಇಲ್ಲ. ನಾನು, ತಂಗಿ ಸೇರಿ ದಿನಕ್ಕೊಂದರಂತೆ ಎರಡನ್ನೂ ಹತ್ತಿದೆವು. ಅಮ್ಮನಿಗೆ ಮಂಡಿನೋವು, ಅವರು ಕೆಳಗೆ ಚೌಕದಲ್ಲೇ ಕೂತರು.

ಒಂದನ್ನೇ ಹತ್ತಲು ಆಗುವುದಾದರೆ ನಾನು ಗೋಪುರ ಎನ್ನುತ್ತೇನೆ. ಫ್ಲಾರೆನ್ಸ್‌ನಲ್ಲಿ ಎಲ್ಲಿ ನಿಂತರೂ ಕಣ್ಣು ಹುಡುಕುವುದು ಆ ಕೆಂಪು ಗುಮ್ಮಟವನ್ನೇ. ಗುಮ್ಮಟದ ನೆತ್ತಿಯ ಮೇಲೆ ನಿಂತವರಿಗೆ ಊರೆಲ್ಲ ಕಾಣುತ್ತದೆ, ಗುಮ್ಮಟ ಮಾತ್ರ ಕಾಣುವುದಿಲ್ಲ. ಗೋಪುರದ ತುದಿಯಲ್ಲಿ ನಿಂತರೆ ಅದು ಎದುರಿಗೇ, ಹೆಚ್ಚುಕಡಿಮೆ ನಮ್ಮ ಎತ್ತರದಲ್ಲೇ ಇರುತ್ತದೆ. ಹೆಂಚಿನ ಸಾಲು, ಅದನ್ನು ಸೀಳಿ ಮೇಲೇರುವ ಬಿಳಿ ಅಮೃತಶಿಲೆಯ ಏಣುಗಳು, ತುದಿಯಲ್ಲಿ ಚುಕ್ಕಿಗಳಂತೆ ಓಡಾಡುವ ಜನ. ಗುಮ್ಮಟದ ಬುಡದಲ್ಲೊಂದು ಒರಟು ಕಲ್ಲಿನ ಪಟ್ಟಿ ಇದೆ, ಗಮನಿಸಿ. ಅದರ ಸುತ್ತ ಅಮೃತಶಿಲೆಯ ಕಮಾನುಸಾಲು ಕಟ್ಟಲು ಹೊರಟಿದ್ದರು. ಎಂಟು ಮುಖಗಳಲ್ಲಿ ಒಂದು ಮುಗಿದಾಗ ಮೈಕೆಲ್ಯಾಂಜೆಲೊ ಅದನ್ನು ಜೀರುಂಡೆಯ ಪಂಜರ ಎಂದು ಹಳಿದನಂತೆ. ಕೆಲಸ ಅಲ್ಲಿಗೇ ನಿಂತಿತು. ಆ ಒಂದು ಮುಖ ಆಗ್ನೇಯಕ್ಕಿದೆ, ಬೀದಿಯಲ್ಲಿ ಸುತ್ತು ಹಾಕಿದರೆ ಕಾಣುತ್ತದೆ.

ಗೋಪುರ ಹತ್ತುವವರ ಮೇಲೆ ಕರುಣೆಯನ್ನೂ ತೋರುತ್ತದೆ. ನಡುನಡುವೆ ಅಂತಸ್ತುಗಳಿವೆ, ದೊಡ್ಡ ಕಿಟಕಿಗಳಿವೆ, ನಿಂತು ಉಸಿರು ತೆಗೆದುಕೊಳ್ಳಬಹುದು. 1334ರಲ್ಲಿ ಇದನ್ನು ಶುರು ಮಾಡಿದ ಜೊತ್ತೊ ಮೂರೇ ವರ್ಷದಲ್ಲಿ ತೀರಿಕೊಂಡ. ಮುಂದುವರಿಸಿದವನು ಆಂದ್ರೆಯ ಪಿಸಾನೊ, 1359ರಲ್ಲಿ ಮುಗಿಸಿದವನು ಫ್ರಾಂಚೆಸ್ಕೊ ತಾಲೆಂತಿ. ಮೇಲೆ ಹೋದಂತೆ ಕಿಟಕಿಗಳು ದೊಡ್ಡದಾಗುತ್ತವೆ, ಹಾಗಾಗಿ ಕೊನೆಯ ಅಂತಸ್ತುಗಳಲ್ಲಿ ಗಾಳಿ ಬೆಳಕು ಧಾರಾಳ. ಕೊರತೆ ಎಂದರೆ ತುದಿಯಲ್ಲಿ ಸುತ್ತಲೂ ಬಿಗಿದಿರುವ ತಂತಿಬಲೆ. ಫೋಟೊ ತೆಗೆಯಬೇಕೆಂದರೆ ಮೊಬೈಲನ್ನು ಅದರ ಕಣ್ಣಿಗೆ ಒತ್ತಿ ಹಿಡಿಯಬೇಕು.

ಇನ್ನು ಗುಮ್ಮಟ. ಇಲ್ಲಿ ಹೊರಗಿನ ನೋಟಕ್ಕಿಂತ ಹತ್ತುವ ದಾರಿಯೇ ದೊಡ್ಡದು. ಮೊದಲು ಸುರುಳಿ ಮೆಟ್ಟಿಲು, ಆಮೇಲೆ ಗುಮ್ಮಟದ ಬುಡಕ್ಕೆ ಬರುತ್ತೀರಿ. ಅಲ್ಲಿ ವಸಾರಿ ಶುರು ಮಾಡಿ ಜುಕ್ಕಾರಿ ಮುಗಿಸಿದ ‘ಅಂತಿಮ ತೀರ್ಪು’ ಭಿತ್ತಿಚಿತ್ರ ತಲೆಯ ಮೇಲೆಯೇ ಇರುತ್ತದೆ. ಕೆಳಗಿನಿಂದ ಬೆರಳುದ್ದ ಕಂಡ ಮುಖಗಳು ಇಲ್ಲಿ ನಮಗಿಂತ ದೊಡ್ಡವು. ಅದಾದ ಮೇಲೆ ದಾರಿ ಗೋಡೆಯೊಳಗೆ ನುಗ್ಗುತ್ತದೆ. ಗೋಡೆಯೊಳಗೆ ಅಂದರೆ ನಿಜಕ್ಕೂ ಒಳಗೆ. ವಿಜಯಪುರದ ಗೋಲಗುಂಬಜ್‌ನಲ್ಲಿ ಕೂಗಿ ಪ್ರತಿಧ್ವನಿ ಎಣಿಸಿ ಬಂದವಳು ನಾನು. ಗುಮ್ಮಟವೆಂದರೆ ಒಂದೇ ಚಿಪ್ಪು ಎಂದುಕೊಂಡಿದ್ದೆ. ಬ್ರುನೆಲೆಸ್ಕಿ ಕಟ್ಟಿದ್ದು ಒಂದರ ಮೇಲೊಂದು ಎರಡು ಚಿಪ್ಪು, ನಾವು ಹತ್ತುವುದು ಅವೆರಡರ ನಡುವೆ.

ಅಲ್ಲಿ ಒಂದು ಕಡೆ ಜನ ನಿಂತುಬಿಟ್ಟಿದ್ದರು, ನಾನು ಗೋಡೆಗೆ ಮುಖ ಮಾಡಿ ಇಟ್ಟಿಗೆ ನೋಡುತ್ತ ನಿಂತೆ. ಅಡ್ಡ ಇಟ್ಟಿಗೆಗಳ ಸಾಲಿನಲ್ಲಿ ಅಲ್ಲಲ್ಲಿ ಒಂದೊಂದು ನೆಟ್ಟಗೆ ನಿಂತಿದೆ. ಮೇಲಿನ ಸಾಲಿನಲ್ಲಿ ಅದು ತುಸು ಪಕ್ಕಕ್ಕೆ ಸರಿದಿದೆ, ಅದರ ಮೇಲಿನದರಲ್ಲಿ ಇನ್ನೂ ತುಸು. ಹೀಗೆ ಮೀನಿನ ಮುಳ್ಳಿನ ಹಾಗೆ ಓರೆಯಾಗಿ ಏರುತ್ತ ಹೋಗುತ್ತದೆ. ನಮ್ಮ ಗಾರೆ ಕೆಲಸದವರು ಕಮಾನು ಕಟ್ಟುವಾಗ ಕೆಳಗೆ ಸೆಂಟ್ರಿಂಗ್ ಕೊಡುತ್ತಾರಲ್ಲ, ಸುಮಾರು 45 ಮೀಟರ್ ಅಗಲದ ಈ ಗುಮ್ಮಟಕ್ಕೆ ನೆಲದಿಂದ ಅಂಥ ಸೆಂಟ್ರಿಂಗ್ ಕೊಟ್ಟೇ ಇಲ್ಲ. ಗಾರೆ ಹಸಿಯಿರುವಾಗ ಅಡ್ಡ ಇಟ್ಟಿಗೆ ಒಳಕ್ಕೆ ಜಾರದಂತೆ ಹಿಡಿದದ್ದು ಈ ನಿಂತ ಇಟ್ಟಿಗೆಗಳು. 1420ರಲ್ಲಿ ಶುರುವಾದದ್ದು 1436ಕ್ಕೆ ಮುಗಿಯಿತು. ಆ ಗೋಡೆಯ ಮೇಲೆ ಅಂಗೈ ಇಟ್ಟೆ, ತಣ್ಣಗಿತ್ತು. ಇಡೀ ಪ್ರವಾಸದಲ್ಲಿ ನನಗೆ ಮೈ ಜುಮ್ಮೆಂದದ್ದು ಆ ಕ್ಷಣದಲ್ಲಿ.

ಕೊನೆಯ ಮೆಟ್ಟಿಲುಗಳು ಒಳಚಿಪ್ಪಿನ ಬೆನ್ನಿನ ಮೇಲೇ ಕಡಿದಾಗಿ ಏರುತ್ತವೆ. ಇಕ್ಕಟ್ಟಾದ ಜಾಗದಲ್ಲಿ ಎದೆ ಬಿಗಿಯುವವರು ಇದರ ಸಹವಾಸಕ್ಕೆ ಹೋಗಬೇಡಿ, ಗೋಪುರವೇ ಸಾಕು. ತುದಿಗೆ ಬಂದರೆ ತಂತಿಬಲೆಯಿಲ್ಲದೆ ಊರು ತೆರೆದುಕೊಳ್ಳುತ್ತದೆ, ಕೆಳಗೆ ಹಿಂದಿನ ದಿನ ನಾವು ನಿಂತಿದ್ದ ಗೋಪುರ. ಈ ತುದಿಯಲ್ಲಿರುವ ಚಿನ್ನದ ಬಣ್ಣದ ಗೋಳ ಹಿಂದೊಮ್ಮೆ ಸಿಡಿಲು ಬಡಿದು ಉರುಳಿತ್ತು. ಅದು ಬಿದ್ದ ಜಾಗದಲ್ಲಿ ಒಂದು ಬಿಳಿ ದುಂಡುಗಲ್ಲು ಹಾಕಿದ್ದಾರೆ, ಕೆಥೆಡ್ರಲ್‌ನ ಹಿಂಬದಿಯ ನೆಲದಲ್ಲಿ. ಇಳಿದ ಮೇಲೆ ಹುಡುಕಿಕೊಂಡು ಹೋಗಿ ಅಮ್ಮನಿಗೆ ತೋರಿಸಿದೆವು.

ಹತ್ತಲಾಗದವರಿಗೆ ಪಿಯಾಜಾಲೆ ಮಿಕೆಲಾಂಜೆಲೊ ಇದೆ. ಆರ್ನೊ ನದಿಯ ಆಚೆ ದಂಡೆಯ ಗುಡ್ಡ, ಬಸ್ಸು ಹೋಗುತ್ತದೆ, ಟಿಕೆಟ್ ಬೇಡ. ಸಂಜೆ ಅಮ್ಮನನ್ನು ಅಲ್ಲಿಗೆ ಕರೆದುಕೊಂಡು ಹೋದೆವು. ಗುಮ್ಮಟ, ಗೋಪುರ ಎರಡೂ ಒಂದೇ ನೋಟದಲ್ಲಿ, ಎಡಗಡೆ ಪೊಂತೆ ವೆಕ್ಕಿಯೊ ಸೇತುವೆ. ಕತ್ತಲಾದ ಮೇಲೂ ಅಮ್ಮ ಎದ್ದು ಬರಲು ಒಪ್ಪಲಿಲ್ಲ.

ಗುಮ್ಮಟಕ್ಕೆ ಸಮಯ ನಿಗದಿಯಾದ ಟಿಕೆಟ್ ಬೇಕು, ಅದು ಬೇಗ ಮುಗಿದುಹೋಗುತ್ತದೆ. ಎರಡನ್ನೂ ಹತ್ತುವ ಶಕ್ತಿಯಿದ್ದರೆ ಅದನ್ನು ಮೊದಲು ಬುಕ್ ಮಾಡಿಕೊಂಡು, ಅದರ ಹಿಂದಿನ ದಿನಕ್ಕೆ ಗೋಪುರ ಇಟ್ಟುಕೊಳ್ಳಿ. ಹೊರಗಿನಿಂದ ಕಣ್ತುಂಬ ನೋಡಿ ಆಮೇಲೆ ಅದರ ಹೊಟ್ಟೆಯೊಳಗೆ ಹೋದದ್ದು ನಮಗಂತೂ ಸರಿಹೋಯಿತು.